ಭಾವನ ನೆಲ, ರುಕ್ಮವ್ವನ ತಲಿ ಮ್ಯಾಲೆ

ತಿಕೋಟಾದ ಬಸ್ಸು ನಿಲ್ಲೋ ಕಟ್ಟಿಯ ಹಿಂದ ಒಂದು ಹಳೇ ಜಂತಿ ಮನಿ. ಆ ಮನಿಯ ನಡುಮನಿಯೊಳಗ ರುಕ್ಮವ್ವ ರೊಟ್ಟಿ ಬಡೀತಿದ್ದಳು. ಮನಿ ಮಂದಿಗೆ ಅಲ್ಲ, ಮಾರಾಕ. ಆಕಿ ಬಬಲೇಶ್ವರದ ಮಗಳು, ಸೀರಿ ನೆರಿಗಿ ಹಿಡಿಯಾಕ ಇನ್ನೂ ಬರದ ವಯಸ್ಸಿನಾಗ ತಿಕೋಟಾಕ್ಕ ಸೊಸಿಯಾಗಿ ಬಂದಾಕಿ. ಗಂಡ ಮಲಕಾಜಪ್ಪ ಬಾವಿ ತೋಡೋ ಕೆಲಸಕ್ಕ ಹೋಗಿ ಜ್ವರ ಹಚಗೊಂಡು ಬಂದು ತೀರಿಕೊಂಡ. ಇದ್ದೊಬ್ಬ ಮಗಳನ್ನ ಜೈನಾಪುರಕ್ಕ ಕೊಟ್ಟಿದ್ದಳು. ಅಳಿಯನ ಮನಿ ಹೊಸ್ತಿಲಕ್ಕ ಹೋಗಿ ಕೂಡೋ ಜಾತಿ ಅಲ್ಲ ಆಕಿ. ಕೈಯಾಗ ರೊಟ್ಟಿ ಇತ್ತು.

ಆ ರೊಟ್ಟಿ ಹೆಂಗಿರತಿತ್ತು ಅಂದ್ರ, ಬಿಸಿಲಿಗೆ ಹಿಡಿದರ ಆಚೆ ಕಡಿ ಬೆರಳು ಕಾಣಬೇಕು. ಒಣಗಿ ಕಟಿ ಆದ ಮ್ಯಾಲೆ ಮುರಿದರ ಹಪ್ಪಳ ಮುರಿದ ಸಪ್ಪಳ ಬರಬೇಕು. ಬಿಳಿ ಅರಿವಿ ಮ್ಯಾಲೆ ಹರವಿ ಆರಿಸಿ, ಬುಟ್ಟಿಗೆ ಜೋಡಿಸಿ ಇಟ್ಟರ ಪೀರಾಂಬಿ ಬಂದು ಒಯ್ಯತಿದ್ದಳು. ಪೀರಾಂಬಿ ಬಳಿ ಮಾರಾಕ ವಿಜಾಪುರಕ್ಕ ಹೋಗಾಕಿ. ಒಂದು ಬುಟ್ಟಿ ಬಳಿ, ಒಂದು ಬುಟ್ಟಿ ರೊಟ್ಟಿ. ಅಲ್ಲಿ ಒಂದು ಖಾನಾವಳಿಯವರು ರುಕ್ಮವ್ವನ ರೊಟ್ಟಿ ಬಿಟ್ಟು ಬ್ಯಾರೆ ಮುಟ್ಟತಿರಲಿಲ್ಲ. ಆಕಿ ಉಣ್ಣೂದು, ಉಡೂದು, ಮಗಳು ಬಂದರ ಉಡಿ ತುಂಬೂದು, ಎಲ್ಲಾ ಆ ಒಂದು ಖಾನಾವಳಿಯಿಂದ.

ಗಂಡ ಹೋದ ಮ್ಯಾಲೆ ಮನಿ ಪಾಲಾಗಿತ್ತು. ಹಿರ್ಯಾರು ಕುಂತು ಹಿತ್ತಲ ಕಡಿ ಖೋಲಿ ಮತ್ತ ಅಟ್ಟ ಗಂಡನ ಅಣ್ಣ ಭಾಗಪ್ಪಗ, ನಡುಮನಿ ರುಕ್ಮವ್ವಗ ಅಂತ ಮಾಡಿದರು. ಅಟ್ಟ ಇದ್ದದ್ದು ನಡುಮನಿ ಮ್ಯಾಲೇ. ಆದರ ಅಲ್ಲಿ ಜೋಳದ ಚೀಲ, ಮುರಕ ನೊಗ, ಹಗ್ಗ, ಇಷ್ಟ ಇರತಿದ್ದವು. ಚೀಲ ನಡೆಯೂದಿಲ್ಲ, ಹಗ್ಗ ಕುಣಿಯೂದಿಲ್ಲ. ಹಿಂಗಾಗಿ ಮ್ಯಾಲೆ ಯಾರದು, ಕೆಳಗ ಯಾರದು ಅನ್ನೋ ಮಾತು ಬಹಳ ದಿನ ಬರಲಿಲ್ಲ.

ಕನ್ನಡ ರಾಜ್ಯ ಒಂದಾಗಿ ಆರೇಳು ವರ್ಷ ಕಳೆದಿರಬೇಕು, ಭಾಗಪ್ಪನ ಮಗಗ ವಿಜಾಪುರದ ಕೋರ್ಟಿನಾಗ ಪಟ್ಟೇವಾಲಾ ಕೆಲಸ ಸಿಕ್ಕಿತು. ಘೋಣಸಗಿಯಿಂದ ಹನಮವ್ವ ಅನ್ನೋ ಹುಡುಗಿ ಸೊಸಿಯಾಗಿ ಬಂದಳು. ಹೊಸ ಜೋಡಿಗೆ ಒಂದು ಖೋಲಿ ಬೇಕು ಅಂತ ಅಟ್ಟಾನ ಖೋಲಿ ಮಾಡೂದು ಗಟ್ಟಿಯಾತು. ಹಳೇ ನೆಲಾ ತಗದು ನೋಡಿದರ ಗೆದ್ದಲ ತಿಂದು, ಕಟ್ಟಿಗಿ ಅನ್ನೋದು ಕೈಯಾಗ ಹಿಟ್ಟಿನಂಗ ಉದುರಾಕತ್ತಿತ್ತು. ಜಂತಿ ಮಾತ್ರ ಬೇವಿನವು, ಗಟ್ಟಿ ಇದ್ದವು. ಅವುಗಳ ಮ್ಯಾಲೆ ಏನು ಹಾಸಬೇಕು ಅಂತ ಕೇಳಾಕ ಭಾಗಪ್ಪ ಬಡಿಗೇರ ಶಂಕ್ರೆಪ್ಪನ್ನ ಕರಸಿದ.

ಭಾವನ ಮುಂದ ತಮ್ಮನ ಹೆಂಡತಿ ಬಾಯಿಬಿಟ್ಟು ಮಾತಾಡೋ ರೂಢಿ ಇರಲಿಲ್ಲ. ಸೆರಗು ತಲಿ ಮ್ಯಾಲೆ ಎಳಕೊಂಡು, ಮಾರಿ ತಿರುವಿ ನಿಂತು, ಬಾಗಿಲಕ್ಕೋ ಕಂಬಕ್ಕೋ ಹೇಳಿದಂಗ ಹೇಳಬೇಕು; ಕೇಳೋರು ಕೇಳಿಸಿಕೋತಾರ. ರುಕ್ಮವ್ವ ನಡುಮನಿ ಕಂಬದ ಕಡಿ ಹೊಳ್ಳಿ ನಿಂತಳು.

"ಕಂಬಾ, ಮ್ಯಾಲೆ ಏನು ಹಾಸಿದರೂ ಜಗ್ಗಲಾರದಂಥಾದ್ದು ಹಾಸಾಕ ಹೇಳು. ಕೆಳಗ ನಂದು ಹಿಟ್ಟು, ರೊಟ್ಟಿ ಅದಾವ. ಫರಸಿ ಹಾಸಾಕ ಹೇಳು. ಕಲ್ಲು ಅಳ್ಳಾಡೂದಿಲ್ಲ."

ಶಂಕ್ರೆಪ್ಪ ಜಂತಿ ಬಡದು ನೋಡಿ, "ಯಕ್ಕಾ, ಫರಸಿ ಅಳ್ಳಾಡೂದಿಲ್ಲ ಖರೆ. ಆದರ ಅದರ ಭಾರಕ್ಕ ಜಂತಿ ಬಾಗತಾವ. ಜಂತಿ ಬಾಗಿದರ ಫರಸಿ ಸಂದು ಬಿಡತಾವ, ಸಂದಿನ ಗಚ್ಚು ನಿನ್ನ ಹರಿವಾಣದಾಗ ಬೀಳತೈತಿ. ಇಲ್ಲಿಗೆ ದಪ್ಪ ಹಲಗಿ ಬೇಕು. ಮತ್ತಿ ಮರದ್ದು. ಒಂದಕ್ಕೊಂದು ಕಚ್ಚು ಹಾಕಿ ಜಂತಿಗೆ ಅಡ್ಡ ಬಡದರ ಆನಿ ನಡೀಲಿ," ಅಂದ.

"ಹಂಗಾರ ಕಂಬಾ, ಫರಸಿ ಬ್ಯಾಡ. ಮತ್ತಿ ಹಲಗಿ ಅಂತ ಹೇಳು."

ಭಾಗಪ್ಪ ಎಲಿ ಅಡಿಕಿ ಜಗಿಯೂದು ನಿಲ್ಲಿಸಿ, "ಶಂಕ್ರ್ಯಾ, ಅಟ್ಟ ಯಾರ ಪಾಲಿಗೆ ಬಂದೈತಿ ಅಂತ ಆ ಕಂಬಕ್ಕ ಒಂದೀಟು ತಿಳಿಸಿ ಹೇಳಲೇ," ಅಂದ.

"ನೋಡ್ರಿಯಪ್ಪಾ, ನಾ ಹಲಗಿ ಬಡೀಲೋ, ಈ ಕಂಬದ ವಕೀಲಕಿ ಮಾಡಲೋ," ಅಂತ ಶಂಕ್ರೆಪ್ಪ ಚೀಲ ಹೆಗಲಿಗೆ ಹಾಕಿಕೊಂಡ.

ಭಾಗಪ್ಪ ವಿಜಾಪುರಕ್ಕ ಹೋದ. ಹೋದಾವ ಮತ್ತಿ ಹಲಗಿ ತರಲಿಲ್ಲ, ಒಂದು ಬಂಡಿ ತುಂಬ ಚಹಾಪುಡಿ ಪೆಟಗಿ ಬಿಚ್ಚಿದ ಹಲಗಿ ತಂದ. ಹಾಳಿ ಮ್ಯಾಲೆ ಹಾಳಿ ಅಂಟಿಸಿದಂಗ ಇದ್ದ ತೆಳು ಹಲಗಿ. ನೋಡಾಕ ಚಂದ, ನುಣುಪ, ಹೊರಾಕ ಹಗುರ. ಶಂಕ್ರೆಪ್ಪ ಒಂದನ್ನ ಎತ್ತಿ ಎರಡು ಕೈಲೆ ಬಗ್ಗಿಸಿ ತೋರಿಸಿದ. "ಇದು ನೆಲಕ್ಕ ಅಲ್ಲರಿ, ತೊಟ್ಟಿಲದ ಮಗ್ಗಲಿಗೆ ಹಾಕೂದು," ಅಂದ. ಭಾಗಪ್ಪ ಕೇಳಲಿಲ್ಲ. ಹಲಗಿ ಬಡಿಸಿದ. ಆಮ್ಯಾಲೆ ತಿಕೋಟಾದಾಗ ಅಟ್ಟದ ಗಟ್ಟಿತನ ಎಲ್ಲಾರೂ ಹೆಂಗ ನೋಡತಾರೋ ಹಂಗ ನೋಡಿದ: ಜೋಳದ ಚೀಲ ಮ್ಯಾಲಿಂದ ಮ್ಯಾಲೆ ಒಟ್ಟಿಸಿ, ಕೆಳಗ ನಿಂತು ತಲಿ ಎತ್ತಿ ನೋಡಿದ. ಹಲಗಿ ಮುರೀಲಿಲ್ಲ.

"ಇಷ್ಟು ಚೀಲ ತಡದೈತಿ. ನನ್ನ ಸೊಸಿ ಚೀಲಕ್ಕಿಂತ ವಜ್ಜಿ ಏನು?"

ರುಕ್ಮವ್ವಗ ಸಿಟ್ಟು ನೆತ್ತಿಗೇರಿತು. ಚೀಲ ಕುಂತಲ್ಲೇ ಕುಂದರತೈತಿ. ಅದು ನೀರು ತರಾಕ ಏಳೂದಿಲ್ಲ, ಹಾಸಿಗಿ ಝಾಡಿಸೂದಿಲ್ಲ. ಮುರಿಯೂದು ಬ್ಯಾರೆ, ಜಗ್ಗೂದು ಬ್ಯಾರೆ. ಇಷ್ಟು ತಿಳಿಯಾಕ ಸಾಲಿ ಕಲೀಬೇಕೇನು? ಆದರ ಕಂಬಕ್ಕ ಎಷ್ಟು ಸಲ ಹೇಳೂದು.

ಮ್ಯಾಲೆ ಇನ್ನೊಂದು ಮಾಡಿದರು. ಅಟ್ಟ ಅಂದಮ್ಯಾಲೆ ಮಣ್ಣಿನ ನೆಲ ಇರಬೇಕು, ಸೆಗಣಿ ಸಾರಿಸಬೇಕು, ಇಲ್ಲಂದ್ರ ಮನಿ ಅನ್ನಿಸೂದಿಲ್ಲ ಅಂತ ಭಾಗಪ್ಪನ ಹೆಂಡತಿ ದುಂಡವ್ವ ಹಟ ಹಿಡದಳು. ಆ ತೆಳು ಹಲಗಿ ಮ್ಯಾಲೆ ಮಣ್ಣು, ಹೊಟ್ಟು ಕಲಿಸಿ ಹಾಕಿ ಬಡದರು. ಆರಿದ ಮ್ಯಾಲೆ ನೋಡಿದರ ಕನ್ನಡಿಯಂಗ ಚಂದ. ಹನಮವ್ವ ತನ್ನ ಪೆಟಗಿ ತಗೊಂಡು ನಿಚ್ಚಣಿಕಿ ಏರಿದಳು.

ಮರುದಿನ ಮುಂಜಾನೆ ರುಕ್ಮವ್ವ ಎಸರು ಹಾಕಿ ಹಿಟ್ಟು ನಾದಾಕತ್ತಿದ್ದಳು. ಮ್ಯಾಲೆ ಹನಮವ್ವ ಎದ್ದು ನಡೆದಳು. ಒಂದು ಹೆಜ್ಜಿಗೆ ಕರ್ರ್ ಅಂತು. ಎರಡನೇದ್ದಕ್ಕ ಹಿಟ್ಟಿನ ಮ್ಯಾಲೆ ಸಣ್ಣಗ ಮಣ್ಣು ಬಿತ್ತು. ಹಲಗಿ ಜಗ್ಗಿದಂಗ ಮ್ಯಾಲಿನ ಮಣ್ಣು ಬಿರಿಯೂದು, ಬಿರದಂಗ ಸಂದಿನ್ಯಾಗ ಉದುರೂದು. ವಾರಕ್ಕೊಮ್ಮೆ ಸಾರಿಸಿದರ ಸೆಗಣಿ ನೀರು ತೊಟ್ಟಿಕ್ಕೂದು. ರುಕ್ಮವ್ವ ಹಿಟ್ಟು ಚೆಲ್ಲಿದಳು, ಮತ್ತ ಕಲಿಸಿದಳು. ಮತ್ತ ಬಿತ್ತು.

ದುಂಡವ್ವನ ಮುಂದ ಹೇಳಿದರ ಆಕಿ, "ಅದು ನೆಲದ ತಪ್ಪಲ್ಲ. ಹುಡುಗಿದು ದಪ್ಪ ಹೆಜ್ಜಿ. ಘೋಣಸಗಿಯಾಗ ಕುರಿ ಹಿಂದ ನಡದು ನಡದು ರೂಢಿ ಆಗೇತಿ," ಅಂದಳು.

ಅಂದದ್ದು ಅಷ್ಟ ಅಲ್ಲ, ಓಣ್ಯಾಗ ಹೇಳಿಕೋತ ಬಂದಳು. ನೀರಿನ ಬಾವಿಗೆ ಹೋದರ ಹೆಣ್ಣಮಕ್ಕಳು ಹನಮವ್ವನ ಕಾಲು ನೋಡಿ ನಗೂದು. ಆ ಹುಡುಗಿ ತುದಿಗಾಲಿಲೆ ನಡಿಯಾಕ ಹತ್ತಿದಳು. ಆಮ್ಯಾಲೆ ನಡಿಯೂದ ಬಿಟ್ಟಳು. ಮ್ಯಾಲೆ ಹೋದರ ಗ್ವಾಡಿಗೆ ಬೆನ್ನ ಹಚ್ಚಿ ಕುಂತುಬಿಡೂದು. ಒಂದಿನ ಕೆಳಗ ಬಂದು ರುಕ್ಮವ್ವನ ಮಗ್ಗಲಕ್ಕ ಕುಂತು, "ಸಣ್ಣತ್ತಿ, ನಂದು ಖರೇನ ದಪ್ಪ ಹೆಜ್ಜಿ ಏನ್ರಿ?" ಅಂತ ಕೇಳಿದಳು.

"ಯಾಕಬೇ, ನಿನಗೇನು ಹುಚ್ಚು ಹಿಡಿದೈತೇನು," ಅಂದಳು ರುಕ್ಮವ್ವ. "ನೀ ಜೋಳದ ದಂಟಿನಂಗ ಅದಿ. ನಿನ್ನ ಕಾಲಿಗೆ ಹೆಸರಿಡೋ ಬಾಯಿಗೆ ಆ ಮಣ್ಣ ಬೀಳಲಿ."

ಇಷ್ಟರಾಗ ಪೀರಾಂಬಿ ಬಂದಳು. ಬಳಿ ಬುಟ್ಟಿ ಖಾಲಿ ಇತ್ತು, ರೊಟ್ಟಿ ಬುಟ್ಟಿ ತುಂಬಿತ್ತು. ಕೆಳಗಿಟ್ಟು ಸೆರಗಿಲೆ ಮಾರಿ ಒರಸಿಕೊಂಡಳು.

"ಏನಾತ?"

"ಏನು ಹೇಳಲಿ ರುಕ್ಮವ್ವಾ. ಯಾರೋ ಒಬ್ಬ ಗುಮಾಸ್ತಗ ಹಲ್ಲಿನಾಗ ಮಣ್ಣಿನ ಹಳ್ಳು ಸಿಕ್ಕೈತಂತ. ಖಾನಾವಳಿಯವ ತಗೋ ಅಂತ ಹೊರಗ ಇಟ್ಟ. ಮೊದಲಿನ ವಾರನೂ ಹಂಗ ಆಗಿತ್ತಂತ, ಸುಮ್ಮಿದ್ದನಂತ. ಇನ್ನೊಮ್ಮೆ ಬಂದರ ನಿಮ್ಮ ರೊಟ್ಟಿ ನಿಮಗ ಇರಲಿ ಅಂದ."

ರುಕ್ಮವ್ವ ಒಂದು ರೊಟ್ಟಿ ಮುರಿದು ಬಾಯಾಗ ಹಾಕಿಕೊಂಡಳು. ಜಗಿದಳು. ಕರಕ್ ಅಂತು. ಇಷ್ಟು ವರ್ಷ ಆಕಿ ರೊಟ್ಟಿಯೊಳಗ ಕೂದಲಾ ಬಂದದ್ದು ಯಾರೂ ಕಂಡಿಲ್ಲ. ಆ ರೊಟ್ಟಿ ಎಲ್ಲಾ ಎಮ್ಮಿಗೆ ಹಾಕಿದಳು. ಆಮ್ಯಾಲೆ ಸೆರಗು ಹೊದಕೊಂಡು ಗುರುಪಾದಯ್ಯನವರ ಕಟ್ಟಿಗೆ ಹೋದಳು. ಮನಿ ಪಾಲು ಮಾಡಿದ ಹಿರ್ಯಾರೊಳಗ ಅವರೇ ಮುಂದಿನವರು. ಊರ ಅಯ್ಯನವರು, ಅವರ ಮಾತು ತಗದು ಹಾಕೋರು ತಿಕೋಟಾದಾಗ ಇರಲಿಲ್ಲ.

ಗುರುಪಾದಯ್ಯ ಎಲ್ಲಾ ಕೇಳಿದರು. "ತಂಗಿ, ನಾವು ಪಾಲು ಮಾಡುವಾಗ ಕೆಳಗಿನ ನೆಲ ನಿನಗ, ಮ್ಯಾಲಿನ ನೆಲ ಅವಗ ಅಂತ ಮಾಡೇವಿ. ತನ್ನ ನೆಲಕ್ಕ ಅವ ಏನರ ಹಾಸಲಿ, ಅದು ಅವನ ಕಾರಭಾರ," ಅಂದರು.

"ಆತ್ರಿ ಅಜ್ಜಾರ. ಆ ನೆಲದ ಬೆನ್ನು ಭಾವಾರದು. ನಾ ಇಲ್ಲ ಅನ್ನೂದಿಲ್ಲ. ಅದರ ಹೊಟ್ಟಿ ಯಾರದ್ರಿ? ಹೊಟ್ಟಿ ನನ್ನ ತಲಿ ಮ್ಯಾಲೆ ಐತಿ. ಅದರಾಗಿಂದು ಬೀಳೂದು ನನ್ನ ಹಿಟ್ಟಿನಾಗ."

ಕಟ್ಟಿ ಮ್ಯಾಲೆ ಕುಂತವರೆಲ್ಲ ನಕ್ಕರು. ಒಬ್ಬಾಂವ, "ನೆಲಕ್ಕ ಹೊಟ್ಟಿ ಬೇನಿ ಬಂದೈತೇನು ನೋಡ್ರಿ," ಅಂದ. ಗುರುಪಾದಯ್ಯ ನಗು ತಡಕೊಂಡು, "ಮ್ಯಾಲೊಂದು ಹಳೇ ಸೀರಿ ಕಟ್ಟಿಕೋ ತಂಗಿ, ಎಲ್ಲಾ ಸರಿ ಆಗತೈತಿ," ಅಂದರು.

ಕಟ್ಟಿದಳು, ಅದನ್ನೂ ಮಾಡಿ ನೋಡಿದಳು. ಸೀರಿ ನಾಕು ದಿನದಾಗ ಮಣ್ಣು ತುಂಬಿ ಬಸರ ಹೆಂಗಸಿನಂಗ ಜೋತುಬಿತ್ತು. ಒಲಿ ಕಿಡಿ ಹಾರಿ ಮೂಲಿ ಸುಟ್ಟಿತು. ಹನಮವ್ವ ಕೊಡ ಎತ್ತಿ ನೀರು ಹೊಯ್ಯದಿದ್ದರ ಮನಿ ಹೋಗತಿತ್ತು. ಒಟ್ಟಿನಾಗ ಮ್ಯಾಲಿನವರು ನಡೀಬೇಕು, ಕೆಳಗಿನಾಕಿ ಕಟ್ಟಿಕೋಬೇಕು. ರೊಟ್ಟಿಗೆ ಹೆಸರು ಕೆಟ್ಟರ ಆಕಿ ಕೆಟ್ಟಳು, ಹುಡುಗಿಗೆ ಹೆಸರು ಬಂದರ ಹುಡುಗಿ ಕೆಟ್ಟಳು. ನೆಲ ಒಂದ ಸಭ್ಯಸ್ಥ. ಇದೆಂಥಾ ನ್ಯಾಯ ಅಂತ ರುಕ್ಮವ್ವ ಹಿಟ್ಟು ನಾದುವಾಗ ಹಲ್ಲು ಕಡೀತಿದ್ದಳು.

ಹೊಸ ಖೋಲಿಗೆ ಅಯ್ಯನವರ ಪಾದಪೂಜಿ ಆಗಬೇಕು ಅಂತ ಭಾಗಪ್ಪ ದಿನ ಗೊತ್ತು ಮಾಡಿದ. ಪಾದಪೂಜಿ ಮ್ಯಾಲೆ, ಊಟ ಕೆಳಗ. ಅಷ್ಟು ಮಂದಿ ಪಂಕ್ತಿ ಕೂಡಾಕ ನಡುಮನಿ ಬಿಟ್ಟರ ಜಾಗಾ ಇಲ್ಲ. ದುಂಡವ್ವ ಬಂದು ಕೇಳಿದಳು, ರುಕ್ಮವ್ವ ಹೂಂ ಅಂದಳು. ದೇವರ ಕೆಲಸಕ್ಕ ಇಲ್ಲ ಅನ್ನಾಕ ಬರೂದಿಲ್ಲ. ನಡುಮನಿ ಸಾರಿಸಿ, ರಂಗೋಲಿ ಹಾಕಿ, ತಾನ ಎಲಿ ಹಾಸಿದಳು.

ಪೂಜಿ ಮುಗಿಸಿ ಗುರುಪಾದಯ್ಯ ಕೆಳಗ ಇಳದರು. ಭಾಗಪ್ಪ, ಊರ ಹಿರ್ಯಾರು, ಬೀಗರು ಸಾಲಾಗಿ ಕುಂತರು. ಹೋಳಿಗಿ ಬಿತ್ತು, ಮ್ಯಾಲೆ ತುಪ್ಪ. ಹನಮವ್ವ ಸಾರಿನ ಪಾತ್ರಿ ತಗೊಂಡು ಬರಬೇಕು, ಅಷ್ಟರಾಗ ಭಾಗಪ್ಪ ಹೆಂಡತಿನ್ನ ಕರೆದು ಸಣ್ಣ ದನಿಲೆ ಹೇಳಿದ.

"ಊಟ ಮುಗಿಯೂತನಾ ಯಾರೂ ಮ್ಯಾಲೆ ಹೋಗಬಾರದು ಅಂತ ಹೇಳು. ನಿಚ್ಚಣಿಕಿ ಮುಂದ ಯಾರನರ ಕೂಡಸು. ಅಜ್ಜಾರ ಎಲಿಯಾಗ ಮಣ್ಣು ಬಿದ್ದೀತು."

ಬಾಗಿಲ ಸಂದಿನ್ಯಾಗ ನಿಂತಿದ್ದ ರುಕ್ಮವ್ವಗ ಅಷ್ಟೂ ಕೇಳಿಸಿತು.

ಅಂದ್ರ ಗೊತ್ತೈತಿ. ಇಷ್ಟು ದಿನ ದಪ್ಪ ಹೆಜ್ಜಿ, ಕುರಿ ಹಿಂದ ನಡದಾಕಿ ಅಂತ ಹುಡುಗಿನ್ನ ಹಣ್ಣ ಮಾಡಿದವರಿಗೆ ಮಣ್ಣು ನೆಲದ್ದು ಅನ್ನೂದು ಗೊತ್ತೈತಿ. ಅಯ್ಯನವರ ಒಂದು ಹೊತ್ತಿನ ಎಲಿ ಉಳಸಾಕ ಮನಿ ಮಂದೀನೆಲ್ಲಾ ಕೂಡಸತಾರ. ಆಕಿ ದಿನಾ ಅದರ ಕೆಳಗ ಬದುಕಬೇಕು.

ರುಕ್ಮವ್ವ ಸೆರಗು ಸೊಂಟಕ್ಕ ಸಿಗಸಿಕೊಂಡಳು. ನಿಚ್ಚಣಿಕಿ ಮುಂದ ಇನ್ನೂ ಯಾರೂ ಕುಂತಿರಲಿಲ್ಲ. ಏರಿದಳು. ಭಾವನ ತಲಿ ಮ್ಯಾಲೆ ತಮ್ಮನ ಹೆಂಡತಿ ಕಾಲಿಡಬಾರದು, ಅದರಾಗ ಅಯ್ಯನವರ ತಲಿ ಮ್ಯಾಲೆ ಯಾವ ಹೆಂಗಸೂ ಇಡಬಾರದು. ಇಟ್ಟಳು. ಓಡಲಿಲ್ಲ, ಕುಣಿಯಲಿಲ್ಲ. ಕೊಡ ಹೊತ್ತವರು ನಡದಂಗ ಈ ಗ್ವಾಡಿಯಿಂದ ಆ ಗ್ವಾಡಿಗೆ ಹಗೂರಕ ನಡದಳು, ಹೊಳ್ಳಿ ಬಂದಳು. ಕೆಳಗ ಮೊದಲು ಮಾತು ನಿಂತವು. ಆಮ್ಯಾಲೆ ಯಾರೋ ಕೆಮ್ಮಿದರು.

"ಮ್ಯಾಲೆ ಯಾರದು?" ಅಂತ ಗುರುಪಾದಯ್ಯನವರ ದನಿ ಬಂತು.

ರುಕ್ಮವ್ವ ನಿಚ್ಚಣಿಕಿ ಕಂಡಿಯೊಳಗಿಂದ ಬಗ್ಗಿ ನೋಡಿದಳು. ಕಂಬದ ಕಡಿ ಅಲ್ಲ, ನೆಟ್ಟಗ ಭಾಗಪ್ಪನ ಕಡಿ.

"ನಾನ್ರಿ ಭಾವಾರ. ರುಕ್ಮವ್ವ. ನಂದು ದಪ್ಪ ಹೆಜ್ಜಿ ಅಂತ ಯಾರೂ ಅಂದಿಲ್ಲ. ತುಪ್ಪದಾಗ ಏನೈತಿ ನೋಡಿಕೋರಿ."

ತುಪ್ಪದ ಮ್ಯಾಲೆ ಕೆಂಪು ಮಣ್ಣು ತೇಲತಿತ್ತು. ಅಯ್ಯನವರ ಜಟಿ ಮ್ಯಾಲೆ ಹೊಟ್ಟು ಬಿದ್ದಿತ್ತು. ಭಾಗಪ್ಪನ ಮಾರಿ ಕಪ್ಪಿಟ್ಟಿತು. ಬೀಗರು ಒಬ್ಬರ ಮಾರಿ ಒಬ್ಬರು ನೋಡಿದರು. ಘೋಣಸಗಿ ಬೀಗ, ಹನಮವ್ವನ ಅಪ್ಪ, ಮಾತ್ರ ತಲಿ ತಗ್ಗಿಸಿ ಮೀಸಿ ಸವರಿಕೊಂಡ.

ಗುರುಪಾದಯ್ಯ ಎಲಿಯಿಂದ ಕೈ ತಗದರು. "ತಂಗಿ, ನೀ ಯಾರ ತಲಿ ಮ್ಯಾಲೆ ನಡದಿ ಗೊತ್ತೈತೇನು?"

ರುಕ್ಮವ್ವ ಇಳದು ಬಂದು ಅವರ ಮುಂದ ಅಡ್ಡಬಿದ್ದಳು. ಎದ್ದು ನಿಂತು, "ನಡದದ್ದು ತಪ್ಪರಿ ಅಜ್ಜಾರ, ಅದಕ್ಕ ಅಡ್ಡಬಿದ್ದೇನಿ. ಮಣ್ಣು ಬಿದ್ದದ್ದು ನನ್ನ ತಪ್ಪಲ್ಲ. ಅದು ದಿನಾ ಬೀಳತೈತಿ. ಇವತ್ತು ಎಲಿ ನಿಮ್ಮದಿತ್ತು," ಅಂದಳು.

ಅಯ್ಯನವರು ಹೊಟ್ಟು ಝಾಡಿಸಿಕೊಂಡು ಎದ್ದರು. "ಭಾಗಪ್ಪಾ, ಈ ನೆಲ ಕಿತ್ತಿಸು. ಜಗ್ಗಲಾರದಂಥಾದ್ದು ಹಾಕಸು. ಅಯ್ಯಗೋಳ ಎಲಿಯಾಗ ಮಣ್ಣು ಬೀಳೋ ಮನಿಯಾಗ ನಾ ನೀರು ಮುಟ್ಟೂದಿಲ್ಲ."

ನೋಡ್ರಿ, ಅಲ್ಲೂ ಆಕಿ ಹಿಟ್ಟಿನ ಮಾತು ಬರಲಿಲ್ಲ. ಅಯ್ಯನವರ ಎಲಿ ಕೆಟ್ಟಿತು ಅಂತ ನೆಲಾ ಕೆಟ್ಟದ್ದು. ರುಕ್ಮವ್ವಗ ಗೆದ್ದೆ ಅನ್ನಿಸಲಿಲ್ಲ, ಸಿಟ್ಟು ಇನ್ನೀಟು ಹೆಚ್ಚಾತು.

ಆ ಸಿಟ್ಟಿನಾಗ ಆಕಿ ಒಂದು ಗಟ್ಟಿ ಮಾಡಿಕೊಂಡಳು: ಈ ಸಲ ಹಲಗಿ ಆರಿಸುವಾಗ ತಾನೂ ಇರಬೇಕು. ಭಾಗಪ್ಪ ಶಂಕ್ರೆಪ್ಪನ್ನ ಕರಕೊಂಡು ವಿಜಾಪುರದ ಬಸ್ಸು ಹತ್ತಿದರ, ಹಿಂದಿನ ಬಾಗಿಲಲೆ ರುಕ್ಮವ್ವ, ಹನಮವ್ವ ಹತ್ತಿದರು. ರುಕ್ಮವ್ವನ ಕೈಯಾಗ ಒಂದು ಹಿತ್ತಾಳಿ ಚಂಬು.

ಹಸನಸಾಬರ ಕಟ್ಟಿಗಿ ಅಡ್ಡೆಯೊಳಗ ರುಕ್ಮವ್ವ ಎರಡು ದಿಮ್ಮಿ ದೂರ ದೂರ ಇಡಿಸಿದಳು. "ನಮ್ಮ ಜಂತಿ ನಡುವ ಎಷ್ಟು ಸಂದೈತಿ ಶಂಕ್ರೆಪ್ಪಾ? ಅಷ್ಟ ಇಡು." ಆ ದಿಮ್ಮಿ ಮ್ಯಾಲೆ ಮಾವಿನ ಹಲಗಿ ಹಾಕಿಸಿ, ನಡುವ ಚಂಬು ಇಟ್ಟು, ಕಂಠಮಟ ನೀರು ತುಂಬಿಸಿದಳು.

"ನಡಿ ಹನಮವ್ವಾ. ತುದಿಗಾಲಿಲೆ ಅಲ್ಲ. ನೀ ನಿಮ್ಮೂರಾಗ ಹೆಂಗ ನಡೀತಿದ್ದಿ ಹಂಗ ನಡಿ."

ಹನಮವ್ವ ನಡದಳು. ನೀರು ಕುಣಿದು ಚೆಲ್ಲಿತು. ಹಸನಸಾಬರು ಬೀಡಿ ಬಾಯಿಂದ ತಗದು, "ಯವ್ವಾ, ನಾ ಇಷ್ಟು ವರ್ಷ ಕಟ್ಟಿಗಿ ಮಾರೇನಿ, ಹಲಗಿಗೆ ನೀರು ಕುಡಿಸೋರನ್ನ ಇವತ್ತ ನೋಡಿದೆ," ಅಂದರು.

ತೆಳು ಮತ್ತಿ ಹಲಗಿ ಹಾಕಿದರು. ಅದರ ಮ್ಯಾಲೂ ಚೆಲ್ಲಿತು. ಭಾಗಪ್ಪ ಶಂಕ್ರೆಪ್ಪನ ಕಡಿ ಹೊಳ್ಳಿ, "ಏನಲೇ, ಮತ್ತಿ ಮತ್ತಿ ಅಂತಿದ್ದೆಲ್ಲ," ಅಂದ.

"ಜಾತಿ ಒಂದ ನೋಡಿದರ ಆಗೂದಿಲ್ಲರಿ, ದಪ್ಪ ನೋಡಬೇಕು. ತೆಳುವಂದು ಯಾವ ಮರ ಆದರೂ ಜಗ್ಗೂದ."

ದಪ್ಪ ಹಲಗಿ ಹಾಕಿದರು. ಹನಮವ್ವ ಹೋದಳು, ಬಂದಳು. ನೀರು ಅಂಚಿಗೆ ಬಂದು ನಡುಗಿತು, ಚೆಲ್ಲಲಿಲ್ಲ. ದಿಮ್ಮಿ ನಡುವಿನ ಸಂದು ಕಡಿಮಿ ಮಾಡಿಸಿ ಮತ್ತ ನಡಸಿದಳು. ಈ ಸಲ ನಡುಗಲೂ ಇಲ್ಲ.

"ಇದ ಹಲಗಿ," ಅಂದಳು ರುಕ್ಮವ್ವ. "ನಡುವ ಒಂದೊಂದು ಜಂತಿ ಹೆಚ್ಚಿಗಿ ಹಾಕು. ಮ್ಯಾಲೆ ಮಣ್ಣು ಬ್ಯಾಡ. ಚಾಪಿ ಹಾಸಿಕೋಲಿ. ಕೇಳಿಸ್ತೇನ್ರಿ ಭಾವಾರ, ನಾ ನಿಮಗ ಹೇಳಾಕತ್ತೇನಿ."

ಭಾಗಪ್ಪ ಹಸನಸಾಬರ ಕಡಿ ನೋಡಿ, "ಇದನ್ನ ಬಂಡಿಗೆ ಹೇರಸ್ರಿ," ಅಂದ.

ಶಂಕ್ರೆಪ್ಪ ಜಂತಿ ಸೇರಿಸಿ, ಹಲಗಿಗೆ ಹಲಗಿ ಕಚ್ಚಿಸಿ ಬಡದ. ಹನಮವ್ವ ಮ್ಯಾಲೆ ಸಾಮಾನು ಸರಿಸ್ಯಾಡಿದರೂ ಕೆಳಗ ಧೂಳು ಇಳಿಯೂದು ನಿಂತಿತು. ಪೀರಾಂಬಿ ಮೊದಲು ಸಣ್ಣ ಬುಟ್ಟಿ ಒಯ್ದಳು, ಖಾನಾವಳಿಯವ ಮುರಿದು ತಿಂದು ನೋಡಿ ಇಟ್ಟುಕೊಂಡ. ಆಮ್ಯಾಲೆ ದೊಡ್ಡ ಬುಟ್ಟಿ ಹೋಗಾಕ ಹತ್ತಿತು.

ಭಾಗಪ್ಪನ ಅಟ್ಟ ಊರಾಗೆಲ್ಲಾ ಹೆಸರಾತು. ಮನಿ ಕಟ್ಟಿಸೋರು ನೋಡಾಕ ಬರೋರು. ಒಂದಿನ ಕನಮಡಿಯಿಂದ ಇಬ್ಬರು ಬಂದರು. ಮ್ಯಾಲೆ ಧಪ್ಪ ಧಪ್ಪ ಕಾಲು ಬಡದು ನೋಡಾಕತ್ತಿದ್ದರು. ರುಕ್ಮವ್ವ ಕೆಳಗ ರೊಟ್ಟಿ ಬಡೀತಿದ್ದಳು. ಭಾಗಪ್ಪನ ದನಿ ಸ್ಪಷ್ಟ ಕೇಳತಿತ್ತು.

"ನಾ ಏನು ಮಾಡಿದೆ, ಅಡ್ಡೆಯೊಳಗ ಎರಡು ದಿಮ್ಮಿ ಇಡಿಸಿದೆ. ಹಲಗಿ ಮ್ಯಾಲೆ ನೀರಿನ ಚಂಬು ಇಟ್ಟೆ. ನೀರು ಚೆಲ್ಲಿದ ಹಲಗಿ ತೆಗಿ ಅಂದೆ. ಕಟ್ಟಿಗಿ ನೋಡೂದು ಹಂಗ."

ರುಕ್ಮವ್ವನ ಕೈ ನಿಂತಿತು. ಕನಮಡಿಯವರು ಇಳದು ಬಂದರು, ಹಿಂದ ಭಾಗಪ್ಪ.

"ಭಾವಾರ," ಅಂದಳು ಕುಂತಲ್ಲಿಂದ, "ಆ ಚಂಬು ತಿಕೋಟಾದಿಂದ ಯಾರು ಒಯ್ದಿದ್ದರು ಅನ್ನೂದೂ ಹೇಳ್ರಿ. ಪಾಪ, ದೂರದಿಂದ ಬಂದಾರ. ಅರ್ಧಾ ಹೇಳಿ ಕಳಸಬ್ಯಾಡ್ರಿ."

ಕನಮಡಿಯವರು ಆಕಿ ಕಡಿ ನೋಡಿದರು, ಭಾಗಪ್ಪನ ಕಡಿ ನೋಡಿದರು. ಭಾಗಪ್ಪ ಚಪ್ಪಲಿ ಮೆಟ್ಟಿಕೊಂತ, "ಮನಿಯವರ ಯಾರೋ ಒಯ್ದಿದ್ದರು," ಅಂದು ಅವರನ್ನ ಕರಕೊಂಡು ಹೊರಗ ಹೋದ.

"ಯಾರೋ ಅಂತ," ಅಂದಳು ರುಕ್ಮವ್ವ. ಹಿಟ್ಟಿನ ಉಂಡಿ ತಗೊಂಡು ಬಡಿಯಾಕ ಸುರು ಮಾಡಿದಳು. ಆವತ್ತಿನ ರೊಟ್ಟಿ ಎಂದಿಗಿಂತ ತೆಳು ಆದವು.